ರೋಗ ಏನೆಂದು ರೋಗಿಗೆ ಹೇಳಿ: ಆರೋಗ್ಯ ಮತ್ತು ವೈದ್ಯಕೀಯ ಶಿಕ್ಷಣ ಸಚಿವರಿಬ್ಬರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ಹಾಗೂ ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ,

ಸಾದರ ನಮಸ್ಕಾರಗಳು.

ಒಂದೇ ಪತ್ರವನ್ನು ಇಬ್ಬರಿಗೂ ಬರೆಯಲು ಕಾರಣವಿದೆ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲೂಕು ಆಸ್ಪತ್ರೆ, ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ ಆರೋಗ್ಯ ಇಲಾಖೆಗೆ ಸೇರಿದವರು. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ವೈದ್ಯಕೀಯ ಶಿಕ್ಷಣ ಇಲಾಖೆಗೆ. ಕ್ಯಾನ್ಸರ್ ರೋಗಿಯ ಅಲೆದಾಟ ಒಂದು ಇಲಾಖೆಯ ಬಾಗಿಲಲ್ಲಿ ಶುರುವಾಗಿ ಇನ್ನೊಂದರ ವಾರ್ಡಿನಲ್ಲಿ ಮುಗಿಯುತ್ತದೆ. ಅವನ ಮೈಯಲ್ಲಿ ಏನು ನಡೆಯುತ್ತಿದೆ ಎಂದು ಅವನಿಗೆ ತಿಳಿಯುವ ಮಾತಿನಲ್ಲಿ ಹೇಳುವ ಕೆಲಸ ಮಾತ್ರ ಎರಡೂ ಕಡೆ ಯಾರ ಪಾಲಿಗೂ ಬಂದಿಲ್ಲ. ನನ್ನ ದೂರು ಅದರ ಬಗ್ಗೆ.

ನಾನು ಹಾವೇರಿ ಜಿಲ್ಲೆಯವಳು, ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾಗಿದ್ದೇನೆ. ನನ್ನ ತಮ್ಮ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿಯ ಗುಮಾಸ್ತನಾಗಿದ್ದ. ಐವತ್ತು ತುಂಬುವ ಮೊದಲೇ ಬಾಯಿ ಕ್ಯಾನ್ಸರಿನಿಂದ ತೀರಿಕೊಂಡ. ಅವನ ಚಿಕಿತ್ಸೆಯ ಉದ್ದಕ್ಕೂ ನಾನು ಜೊತೆಗಿದ್ದೆ. ಕಂಡದ್ದನ್ನು ಕ್ರಮವಾಗಿ ಹೇಳುತ್ತೇನೆ. ಯಾವ ಆಸ್ಪತ್ರೆಯ ಹೆಸರನ್ನೂ ಬರೆಯುವುದಿಲ್ಲ, ಏಕೆಂದರೆ ಇದು ಒಂದು ಆಸ್ಪತ್ರೆಯ ಕಥೆಯಲ್ಲ. ಮೊಗಸಾಲೆಯಲ್ಲಿ ಪಕ್ಕದಲ್ಲಿ ಕೂತಿದ್ದ ಗದಗ, ಕೊಪ್ಪಳ, ದಾವಣಗೆರೆ ಕಡೆಯವರೆಲ್ಲ ಇದನ್ನೇ ಬೇರೆ ಬೇರೆ ಊರಿನ ಹೆಸರಿಟ್ಟು ಹೇಳುತ್ತಿದ್ದರು.

ಹರೆಯದಿಂದಲೂ ತಮ್ಮನಿಗೆ ಅಡಿಕೆ ಪುಡಿಯ ಪಾಕೀಟು ಬಾಯಿಗೆ ಸುರಿದುಕೊಳ್ಳುವ ಚಟ. ಮೊದಲು ಬಂದದ್ದು ಉರಿ. ಬಣ್ಣ ಹೆಚ್ಚು, ಖಾರ ಕಡಿಮೆ ಎಂದೇ ಹೆಸರಾದ ಬ್ಯಾಡಗಿ ಮೆಣಸಿನಕಾಯಿಯ ಸಾರು ಕೂಡ ಅವನಿಗೆ ತಡೆಯದಾಯಿತು. ಆಮೇಲೆ ಬಾಯಿ ಬಿಗಿಯತೊಡಗಿತು. ರೊಟ್ಟಿಯ ತುತ್ತನ್ನು ಚಿಕ್ಕದು ಮಾಡಿಕೊಳ್ಳುತ್ತ ಬಂದ. ಮೂರು ಬೆರಳು ಒಂದರ ಮೇಲೊಂದಿಟ್ಟು ಹಿಡಿಸಬೇಕಾದ ಬಾಯಲ್ಲಿ ಎರಡೂ ಕಷ್ಟದಿಂದ ಹಿಡಿಯುತ್ತಿದ್ದವು. ಅಡಿಕೆಯಲ್ಲಿರುವ ರಾಸಾಯನಿಕಗಳು ಕೆನ್ನೆಯ ಒಳಪದರದ ಅಡಿಯಲ್ಲಿ ನಾರನ್ನು ಕಟ್ಟುತ್ತ ಹೋಗುವುದರಿಂದ ಹೀಗಾಗುತ್ತದೆ. ವೈದ್ಯರು ಇದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ, ಆದರೆ ಕ್ಯಾನ್ಸರಿಗೆ ಮುಂಚಿನ ಸ್ಥಿತಿಗಳಲ್ಲಿ ಒಂದು. ಈ ಹಂತದಲ್ಲಿ ಅಡಿಕೆ, ತಂಬಾಕು ಬಿಡಿಸಿ ಆಗಾಗ ಬಾಯಿ ನೋಡುತ್ತ ಹೋದರೆ ಎಷ್ಟೋ ಜನರನ್ನು ಉಳಿಸಬಹುದು.

ಆಮೇಲೆ ಎಡಗೆನ್ನೆಯ ಒಳಗೆ, ಕೆಳದವಡೆಯ ಒಸಡಿಗೆ ತಾಗಿ ಒಂದು ಹುಣ್ಣು ಕಾಣಿಸಿತು. ನೋವಿರಲಿಲ್ಲ. ಅದನ್ನು ತೋರಿಸಲು ಅವನು ಹೋಗಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಹೋದ. ಒಬ್ಬರು ಬಿ ಕಾಂಪ್ಲೆಕ್ಸ್ ಮಾತ್ರೆ ಬರೆದರು, ಇನ್ನೊಬ್ಬರು ಹಚ್ಚಲು ಮುಲಾಮು ಕೊಟ್ಟರು. ಹಲ್ಲು ಅಲುಗಾಡುತ್ತಿದೆ ಎಂದಾಗ ಮತ್ತೊಂದು ಕಡೆ ಹಲ್ಲನ್ನೇ ಕಿತ್ತರು. ಹಲ್ಲು ಅಲುಗಾಡಿದ್ದು ಅದರ ಬೇರಿನ ಸುತ್ತಲ ಮೂಳೆಯನ್ನು ಕ್ಯಾನ್ಸರ್ ತಿನ್ನುತ್ತಿದ್ದುದರಿಂದ. ಇಷ್ಟು ಕಡೆಗಳಲ್ಲಿ ಒಬ್ಬರೂ ಕೈಗವಸು ಹಾಕಿ, ಟಾರ್ಚ್ ಹಿಡಿದು, ಕೆನ್ನೆಯ ಒಳಗೆ ಬೆರಳಾಡಿಸಿ ನೋಡಲಿಲ್ಲ. ಹುಣ್ಣಿನ ಅಂಚು ಗಟ್ಟಿಯಾಗಿದೆಯೇ, ಮುಟ್ಟಿದರೆ ರಕ್ತ ಒಸರುತ್ತದೆಯೇ ಎಂದು ತಿಳಿಯಲು ಯಂತ್ರ ಬೇಕಾಗಿರಲಿಲ್ಲ. ಬಾಯಿಯ ಹುಣ್ಣು ಎರಡು ಮೂರು ವಾರದಲ್ಲಿ ಮಾಯದಿದ್ದರೆ ಅದರ ಚೂರು ತೆಗೆದು ಪರೀಕ್ಷಿಸಬೇಕು ಎಂಬುದು ವೈದ್ಯಕೀಯ ವಿದ್ಯಾರ್ಥಿಗಳೆಲ್ಲ ಓದುವ ಪಾಠ. ಆ ಪಾಠ ನಮ್ಮ ಊರಿನ ಟೇಬಲ್ಲಿನವರೆಗೆ ಬರಲು ಅರ್ಧ ವರ್ಷಕ್ಕೂ ಹೆಚ್ಚು ಹಿಡಿಯಿತು. ಅಷ್ಟರಲ್ಲಿ ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗುವಷ್ಟು ದೊಡ್ಡದಾಗಿತ್ತು.

ಆ ಅರ್ಧ ವರ್ಷದಲ್ಲಿ ಅವನ ಮೈಯೊಳಗೆ ನಡೆದದ್ದೇನು? ನಮ್ಮ ಮೈಯಲ್ಲಿ ಸುಮಾರು 37 ಲಕ್ಷ ಕೋಟಿ ಜೀವಕೋಶಗಳಿವೆ. ಪ್ರತಿಯೊಂದಕ್ಕೂ ಯಾವಾಗ ಒಡೆದು ಎರಡಾಗಬೇಕು, ಯಾವಾಗ ನಿಲ್ಲಬೇಕು, ಯಾವಾಗ ಸಾಯಬೇಕು ಎಂಬ ಸೂಚನೆ ಡಿಎನ್‌ಎಯಲ್ಲಿದೆ. ತಂಬಾಕು, ಅಡಿಕೆ, ಮದ್ಯ, ಕೆಲವು ವೈರಸ್‌ಗಳು, ವಯಸ್ಸು, ಕೆಲವೊಮ್ಮೆ ಬರೀ ಆಕಸ್ಮಿಕ, ಹೀಗೆ ನಾನಾ ಕಾರಣಗಳಿಂದ ಆ ಸೂಚನೆಗಳಲ್ಲಿ ತಪ್ಪುಗಳು ಸೇರುತ್ತವೆ. ಮೈ ಹೆಚ್ಚಿನವನ್ನು ತಾನೇ ಸರಿಪಡಿಸುತ್ತದೆ. ಸರಿಹೋಗದ ತಪ್ಪುಗಳು ಒಂದೇ ಕೋಶದಲ್ಲಿ ವರ್ಷಗಟ್ಟಲೆ ಕೂಡಿಕೊಂಡಾಗ ಅದು ನಿಲ್ಲುವ ಸೂಚನೆಯನ್ನು ಕೇಳದೆ ಒಡೆಯುತ್ತಲೇ ಹೋಗುತ್ತದೆ. ಒಂದು ಸೆಂಟಿಮೀಟರಿನ ಗಂಟು ಕೈಗೆ ಸಿಗುವ ಹೊತ್ತಿಗೆ ಅದರಲ್ಲಿ ನೂರು ಕೋಟಿಯಷ್ಟು ಕೋಶಗಳಿರುತ್ತವೆ. ಆ ಹೊತ್ತಿಗೂ ನೋವಿರಬೇಕೆಂದಿಲ್ಲ. ನಮ್ಮ ಓಣಿಯ ಒಬ್ಬ ಹೆಣ್ಣುಮಗಳು ಎದೆಯ ಗಂಟನ್ನು ಮುಚ್ಚಿಟ್ಟುಕೊಂಡು ಕೂತದ್ದು ನಾಚಿಕೆಯಿಂದ ಎಂದು ಎಲ್ಲರೂ ಹೇಳಿದರು. ಅವಳು ನನಗೆ ಹೇಳಿದ್ದೇ ಬೇರೆ: "ನೋವ ಇರಲಿಲ್ರೀ ಟೀಚರ್, ನೋವಿಲ್ಲದ್ದು ಏನ್ ಮಾಡೀತು ಅಂದ್ಕೊಂಡೆ." ನೋವಿಲ್ಲದ ಗಂಟಿಗೆ, ನೋವಿಲ್ಲದ ಹುಣ್ಣಿಗೆ ಹೆಚ್ಚು ಹೆದರಬೇಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಕೆನ್ನೆಯಲ್ಲಿ ಶುರುವಾದದ್ದು ಕುತ್ತಿಗೆಗೇಕೆ ಬಂತು ಎಂದು ನನ್ನ ತಮ್ಮ ಆಸ್ಪತ್ರೆಯಲ್ಲಿ ಎಷ್ಟೋ ಸಲ ಕೇಳಿದ್ದ. ಬಾಯಿಯ ಕೋಶಗಳ ನಡುವಿನಿಂದ ಬಸಿಯುವ ತಿಳಿ ದ್ರವ, ಅಂದರೆ ದುಗ್ಧರಸ, ಹರಿದು ಹೋಗುವುದೇ ಕುತ್ತಿಗೆಯ ಗ್ರಂಥಿಗಳಿಗೆ. ಒಳಪದರದ ತಳವನ್ನು ದಾಟಿದ ಕ್ಯಾನ್ಸರ್ ಕೋಶಗಳು ಆ ದಾರಿಯಲ್ಲೇ ಸಾಗಿ ಮೊದಲು ಅಲ್ಲಿ ನೆಲೆಯೂರುತ್ತವೆ. ಕುತ್ತಿಗೆಯ ಗ್ರಂಥಿಗೆ ರೋಗ ತಲುಪಿದರೆ ಬದುಕುಳಿಯುವ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಲ್ಲಿಂದಾಚೆಗೆ ರಕ್ತದ ಮೂಲಕ ಶ್ವಾಸಕೋಶಕ್ಕೆ, ಮೂಳೆಗೆ, ಯಕೃತ್ತಿಗೆ ಹೋಗಬಹುದು. ಎಲ್ಲಿಗೆ ಹೋದರೂ ಅದು ಬಾಯಿಯ ಕ್ಯಾನ್ಸರೇ. ಬ್ಯಾಡಗಿಯ ಬೀಜವನ್ನು ಗುಂಟೂರಿನ ಹೊಲದಲ್ಲಿ ಬಿತ್ತಿದರೂ ಗಿಡ ಬ್ಯಾಡಗಿಯದೇ ತಾನೆ? ಇದನ್ನು ಒಬ್ಬ ಗುಮಾಸ್ತನಿಗೆ, ಒಬ್ಬ ಹಮಾಲನಿಗೆ, ಒಬ್ಬ ಅಜ್ಜಿಗೆ ಹತ್ತು ನಿಮಿಷದಲ್ಲಿ ಅರ್ಥಮಾಡಿಸಬಹುದು. ಹದಿಮೂರರ ಮಕ್ಕಳಿಗೆ ಇದಕ್ಕಿಂತ ಕಠಿಣವಾದದ್ದನ್ನು ನಾವು ಶಿಕ್ಷಕರು ದಿನಾ ಅರ್ಥಮಾಡಿಸಿದ್ದೇವೆ.

ಮಾನ್ಯರೇ, ತಮ್ಮನ ಕೈಗೆ ಕೊನೆಗೂ ಒಂದು ಕಡತ ಬಂತು. ಅದರ ಮೇಲೆ ಇಂಗ್ಲಿಷಿನಲ್ಲಿ ಸಿಎ ಲೆಫ್ಟ್ ಬಿಎಂ (ಎಡಗೆನ್ನೆಯ ಒಳಪದರದ ಕ್ಯಾನ್ಸರ್ ಎಂದರ್ಥ), ಟಿ4ಎ, ಎನ್2ಬಿ ಎಂದು ಬರೆದಿತ್ತು. ಹೊರಗೆ ಬಂದವನನ್ನು ಏನಂದರು ಎಂದು ಕೇಳಿದೆ. "ಗಂಟ ಐತಿ ಅಂದ್ರು ಅಕ್ಕಾ, ಚೂರ ತಗೀಬೇಕಂತ. ಅಷ್ಟ" ಎಂದ. ಆ ವೈದ್ಯರ ಮೇಲೆ ನನಗೆ ಸಿಟ್ಟಿಲ್ಲ. ಅವರ ಬಾಗಿಲಲ್ಲಿ ನೂರಾರು ಜನ ನಿಂತಿದ್ದರು, ಮಧ್ಯಾಹ್ನ ಅವರು ಊಟಕ್ಕೆ ಏಳಲಿಲ್ಲ. ಒಬ್ಬ ರೋಗಿಗೆ ನಾಲ್ಕು ನಿಮಿಷ ಸಿಕ್ಕರೆ ಅದರಲ್ಲಿ ಪರೀಕ್ಷೆ ಮಾಡಬೇಕೋ, ಬರೆಯಬೇಕೋ, ಪಾಠ ಹೇಳಬೇಕೋ? ನನ್ನ ಪ್ರಶ್ನೆ ವ್ಯವಸ್ಥೆಗೆ. ಪಾಠ ಹೇಳಲು ಬೇರೊಬ್ಬರನ್ನು ಏಕೆ ನೇಮಿಸಿಲ್ಲ?

ಅಲ್ಲಿ ಖಾಲಿ ಉಳಿದ ಜಾಗವನ್ನು ಬೇರೆಯವರು ತುಂಬಿದರು. ಮೊಗಸಾಲೆಯಲ್ಲೇ ಒಬ್ಬರು ಹೇಳಿದರು: "ಸೂಜಿ ಚುಚ್ಚಿಸಬ್ಯಾಡ್ರೀ, ಚುಚ್ಚಿದ ಕೂಡ್ಲೆ ಮೈತುಂಬ ಹರಡತೈತಿ." ಬಾಯಿಯ ಹುಣ್ಣಿನಿಂದ ಸಾಸಿವೆಯಷ್ಟು ಚೂರು ತೆಗೆಯುವುದರಿಂದ ರೋಗ ಮೈತುಂಬ ಹರಡುವುದಿಲ್ಲ. ಆ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ಯಾವ ಚಿಕಿತ್ಸೆಯೂ ಶುರುವಾಗುವುದಿಲ್ಲ. ನಾನು ಇದನ್ನು ಹೇಳಿದೆ. ಬಿಳಿ ಕೋಟು ಹಾಕಿದವರೊಬ್ಬರು ಹೇಳಿದ್ದರೆ ಅವನು ಒಪ್ಪುತ್ತಿದ್ದನೇನೋ, ಅಕ್ಕನ ಮಾತು ಸಾಲಲಿಲ್ಲ. ಊರಿಗೆ ಹೋಗಿ ಮರದ ತೊಗಟೆಯ ಕಷಾಯ ಕುಡಿದ. ಆ ಕಷಾಯ ಕೊಟ್ಟವರು ಇವನನ್ನು ಕೂರಿಸಿಕೊಂಡು ಒಂದು ತಾಸು ಮಾತಾಡಿದ್ದರು, ಊಟ ಏನು ಮಾಡುತ್ತಿ, ನಿದ್ದೆ ಬರುತ್ತದೆಯೇ, ಮಕ್ಕಳೆಷ್ಟು ಎಂದು ಕೇಳಿದ್ದರು. ಜನ ನಾಟಿ ಔಷಧಿಯ ಹಿಂದೆ ಏಕೆ ಹೋಗುತ್ತಾರೆ ಎಂದು ಇಲಾಖೆಯ ಸಭೆಗಳಲ್ಲಿ ಯಾರಾದರೂ ಕೇಳಿದರೆ ದಯವಿಟ್ಟು ಈ ಒಂದು ತಾಸನ್ನು ನೆನಪಿಸಿ. ಅವನು ತಿರುಗಿ ಆಸ್ಪತ್ರೆಗೆ ಬರುವಷ್ಟರಲ್ಲಿ ಮತ್ತೆ ತಿಂಗಳುಗಳು ಕಳೆದಿದ್ದವು.

ಆಗ ಇನ್ನೊಂದು ಗೊಂದಲ ಶುರುವಾಯಿತು. "ನಾಲ್ಕನೇ ಹಂತ" ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮನೆಯವರು ಚಿಕಿತ್ಸೆ ಬೇಡವೆಂದು ತೀರ್ಮಾನಿಸಿದರು. ಬಾಯಿ ಕ್ಯಾನ್ಸರಿನ ನಾಲ್ಕನೇ ಹಂತದಲ್ಲೇ ಒಳಭಾಗಗಳಿವೆ. ದವಡೆಯ ಮೂಳೆಗೆ, ಕುತ್ತಿಗೆಯ ಗ್ರಂಥಿಗಳಿಗೆ ಬಂದಿದ್ದರೂ ದೂರದ ಅಂಗಗಳಿಗೆ ಹೋಗಿರದ 4ಎ ಹಂತದಲ್ಲಿ ಗುಣಪಡಿಸುವ ಉದ್ದೇಶದಿಂದಲೇ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಕಡತದ ಮೇಲಿನ ಆ ಟಿ, ಎನ್ ಅಕ್ಷರಗಳು ಹೇಳುತ್ತಿದ್ದುದು ಅದನ್ನೇ: ಗೆಡ್ಡೆ ಎಷ್ಟು ಬೆಳೆದಿದೆ, ಗ್ರಂಥಿಗಳಲ್ಲಿ ಎಷ್ಟಿದೆ ಎಂದು. ಅಕ್ಷರಗಳು ಕಡತದಲ್ಲಿದ್ದವು, ಅರ್ಥ ಮಾತ್ರ ಮನೆಗೆ ಬಂದಿರಲಿಲ್ಲ. ಮನೆಯವರನ್ನು ಒಪ್ಪಿಸಲು ಮತ್ತಷ್ಟು ದಿನ ಹೋದವು.

ಶಸ್ತ್ರಚಿಕಿತ್ಸೆಯಲ್ಲಿ ಕೆಳದವಡೆಯ ಒಂದು ಭಾಗ, ಕುತ್ತಿಗೆಯ ಗ್ರಂಥಿಗಳು ಹೋದವು. ಎದೆಯ ಸ್ನಾಯುವನ್ನು ಚರ್ಮದ ಸಮೇತ ಮೇಲೆತ್ತಿ ಕೆನ್ನೆಗೆ ಹೊಲಿದರು. ಅದು ದೊಡ್ಡ ಕೌಶಲದ ಕೆಲಸ, ಮಾಡಿದವರಿಗೆ ನಾನು ಋಣಿ. ಆದರೆ ಎಚ್ಚರವಾದಾಗ ತನ್ನ ಎದೆ ಏಕೆ ಕೊಯ್ದಿದ್ದಾರೆ ಎಂದು ಅವನಿಗೆ ತಿಳಿದಿರಲಿಲ್ಲ. ರೋಗ ಎದೆಗೂ ಹೋಗಿದೆ ಎಂದುಕೊಂಡು ಎರಡು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದರಲ್ಲ ಎಂದು ಯಾರಾದರೂ ಕೇಳಬಹುದು. ಹಾಕಿಸಿಕೊಂಡಿದ್ದರು, ಅಚ್ಚಾದ ಇಂಗ್ಲಿಷ್ ಹಾಳೆಯ ಕೆಳಗೆ. ಮುಂದೆ ಅವನ ಎಡಭುಜ ಜೋತುಬಿದ್ದಾಗಲೂ ಹಾಗೆಯೇ. ಕುತ್ತಿಗೆಯ ಶಸ್ತ್ರಚಿಕಿತ್ಸೆಯಲ್ಲಿ ಭುಜ ಎತ್ತುವ ನರಕ್ಕೆ ಪೆಟ್ಟಾಗಬಹುದು, ವ್ಯಾಯಾಮ ಶುರುಮಾಡಿದರೆ ಸುಧಾರಿಸುತ್ತದೆ ಎಂಬುದು ನಮಗೆ ತಿಳಿದದ್ದು ತುಂಬಾ ತಡವಾಗಿ, ಅದೂ ಪಕ್ಕದ ಹಾಸಿಗೆಯವರಿಂದ.

ವಿಕಿರಣ ಚಿಕಿತ್ಸೆ, ಅದರ ಜೊತೆ ಕಿಮೋ. ವೇಗವಾಗಿ ಒಡೆಯುವ ಕೋಶಗಳನ್ನು ಕೊಲ್ಲುವುದು ಕಿಮೋ ಮದ್ದಿನ ಕೆಲಸ. ಮೈಯಲ್ಲಿ ವೇಗವಾಗಿ ಒಡೆಯುವುದು ಕ್ಯಾನ್ಸರ್ ಕೋಶಗಳು ಮಾತ್ರವಲ್ಲವಾದ್ದರಿಂದ ಬಾಯಿಯ ಒಳಪದರ, ಕರುಳು, ಕೂದಲಿನ ಬೇರು, ಮೂಳೆಯ ಮಜ್ಜೆ ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ಮಜ್ಜೆ ಸೊರಗಿದಾಗ ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳು ತಳ ಮುಟ್ಟುತ್ತವೆ, ಸಾಮಾನ್ಯವಾಗಿ ಮದ್ದು ಕೊಟ್ಟ ಎರಡನೇ ವಾರದ ಆಸುಪಾಸಿನಲ್ಲಿ. ಆಗ 100.4 ಡಿಗ್ರಿ ಜ್ವರ ಬಂದರೂ ಅದು ತುರ್ತು. ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ತಮ್ಮನಿಗೆ ಜ್ವರ ಬಂದಾಗ ಮನೆಯವರು ಜ್ವರದ ಮಾತ್ರೆ ಕೊಟ್ಟು ಕಂಬಳಿ ಹೊದಿಸಿದರು. ಯಾವ ಮನೆಯವರಾದರೂ ಮಾಡುವುದು ಅದನ್ನೇ. ಬೆಳಗಾಗುವಷ್ಟರಲ್ಲಿ ಅವನಿಗೆ ಪ್ರಜ್ಞೆ ಮಂಕಾಗಿತ್ತು. ಆ ಸಲ ಬದುಕಿದ. ಬಿಡುಗಡೆಯ ಚೀಟಿಯಲ್ಲಿ "ಜ್ವರ ಬಂದರೆ ಕಾಯಬೇಡಿ, ಕೂಡಲೇ ಬನ್ನಿ, ಈ ನಂಬರಿಗೆ ಕರೆ ಮಾಡಿ" ಎಂಬ ಒಂದು ಸಾಲು ಕನ್ನಡದಲ್ಲಿ ಇದ್ದಿದ್ದರೆ ಆ ರಾತ್ರಿ ಬರುತ್ತಿರಲಿಲ್ಲ. ಒಂದು ಸಾಲಿಗೆ ಎಷ್ಟು ಖರ್ಚಾಗುತ್ತದೆ, ಸ್ವಾಮಿ?

ಅವನು ಸೊರಗಿದ್ದರ ಬಗ್ಗೆ ಹೇಳಲೇಬೇಕು, ಏಕೆಂದರೆ ಮನೆಯೊಳಗೆ ಹೆಚ್ಚು ಕಣ್ಣೀರು ಹರಿದದ್ದು ಅದಕ್ಕೆ. ಮೂಗಿನ ನಳಿಕೆಯಲ್ಲಿ ಹಾಲು, ರಾಗಿ ಗಂಜಿ, ಮೊಟ್ಟೆ ಎಲ್ಲ ಕೊಟ್ಟರೂ ತೋಳು ತೊಡೆಗಳ ಸ್ನಾಯು ಕರಗುತ್ತಲೇ ಹೋಯಿತು. ಅವನ ಹೆಂಡತಿ ತಾನು ಸರಿಯಾಗಿ ಉಣಿಸುತ್ತಿಲ್ಲ ಎಂದು ತನ್ನನ್ನೇ ಹಳಿದುಕೊಳ್ಳುತ್ತಿದ್ದಳು. ಅತ್ತೆಮನೆಯವರೂ ಅದನ್ನೇ ಹೇಳಿದರು. ಕ್ಯಾನ್ಸರ್ ಮುಂದುವರಿದಾಗ ಗೆಡ್ಡೆಯೂ ಅದರ ಜೊತೆ ಸೆಣಸುವ ಮೈಯೂ ಹೊರಸೂಸುವ ವಸ್ತುಗಳು ಹಸಿವನ್ನು ಕೊಲ್ಲುತ್ತವೆ, ಸ್ನಾಯುವನ್ನು ಒಡೆಯುತ್ತವೆ. ಊಟ ಹೆಚ್ಚಿಸಿದರೂ ಅದು ಪೂರ್ತಿ ತಿರುಗಿ ಬರುವುದಿಲ್ಲ. ಇದು ರೋಗದ ಭಾಗ, ಹೆಂಡತಿಯ ತಪ್ಪಲ್ಲ. ಈ ಒಂದು ಮಾತನ್ನು ಅವಳಿಗೆ ಅಧಿಕಾರವಾಣಿಯಲ್ಲಿ ಹೇಳುವವರು ಬೇಕಾಗಿತ್ತು. ಅದೇ ಮನೆಯಲ್ಲಿ ಅವನ ತಟ್ಟೆ ಲೋಟ ಬೇರೆಯಾದವು, ಮೊಮ್ಮಗುವನ್ನು ಹತ್ತಿರ ಬಿಡಲಿಲ್ಲ. ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಸಕ್ಕರೆ ಪೂರ್ತಿ ಬಿಟ್ಟರೆ ಗೆಡ್ಡೆ ಸಾಯುತ್ತದೆ ಎಂದು ಫೋನಿನಲ್ಲಿ ಬಂದ ವಿಡಿಯೋ ನಂಬಿ ಕೆಲವು ವಾರ ಅವನ ಗಂಜಿಗೆ ಬೆಲ್ಲವನ್ನೂ ನಿಲ್ಲಿಸಿದ್ದರು. ಮೈಗೆ ಶಕ್ತಿ ಬೇಕಾಗಿದ್ದ ದಿನಗಳಲ್ಲಿ.

ಕೊನೆಯ ತಿಂಗಳುಗಳ ನೋವಿಗೆ ಮಾರ್ಫಿನ್, ಅಂದರೆ ಅಫೀಮಿನಿಂದ ತಯಾರಾಗುವ ನೋವಿನ ಮದ್ದು, ಬೇಕಾಗಿತ್ತು. 2014ರಲ್ಲಿ ಮಾದಕ ವಸ್ತುಗಳ ಕಾಯ್ದೆಗೆ ತಿದ್ದುಪಡಿ ಬಂದು ರೋಗಿಗಳಿಗೆ ಅದನ್ನು ಕೊಡುವುದು ಸುಲಭವಾಗಬೇಕಿತ್ತು. ನಮ್ಮ ಅನುಭವದಲ್ಲಿ ಅದಕ್ಕಾಗಿ ಜಿಲ್ಲೆ ದಾಟಿ ಹೋಗಬೇಕಾಯಿತು. ಸಿಕ್ಕ ಮೇಲೂ ಚಟ ಹತ್ತುತ್ತದೆ ಎಂದು ಮನೆಯವರು ಅರ್ಧ ಮಾತ್ರೆ ಕೊಡುತ್ತಿದ್ದರು. ವೈದ್ಯರು ನೋವಿಗೆ ತಕ್ಕ ಪ್ರಮಾಣದಲ್ಲಿ ಬರೆದದ್ದನ್ನು ಹೇಳಿದ ಹೊತ್ತಿಗೆ ಪೂರ್ತಿ ಕೊಡಬೇಕು ಎಂದು ವಿವರಿಸಿ ಹೇಳುವವರಿದ್ದರೆ ಅವನು ಅಷ್ಟು ನರಳುತ್ತಿರಲಿಲ್ಲ.

ಇದು ಒಂದು ಮನೆಯ ಸಂಗತಿ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 14 ಲಕ್ಷ ಹೊಸ ಕ್ಯಾನ್ಸರ್ ಪ್ರಕರಣಗಳು, 9 ಲಕ್ಷ ಸಾವುಗಳು. ಗಂಡಸರಲ್ಲಿ ಬಾಯಿ ಕ್ಯಾನ್ಸರ್, ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಎಲ್ಲಕ್ಕಿಂತ ಹೆಚ್ಚು. ಬಾಯಿ, ಸ್ತನ, ಗರ್ಭಕೊರಳು ಈ ಮೂರನ್ನೂ ಬೇಗ ಪತ್ತೆಹಚ್ಚಲು ರಾಷ್ಟ್ರೀಯ ಕಾರ್ಯಕ್ರಮವಿದೆ: ಮೂವತ್ತು ದಾಟಿದವರೆಲ್ಲರನ್ನೂ ಐದು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು, ಆಶಾ ಕಾರ್ಯಕರ್ತೆ ಮನೆಗೆ ಬಂದು ನಮೂನೆ ತುಂಬಬೇಕು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬಾಯಿ ಪರೀಕ್ಷೆ ಎಂದಾದರೂ ಮಾಡಿಸಿಕೊಂಡಿದ್ದೇವೆ ಎಂದ ಹೆಂಗಸರು ದೇಶದಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಗಂಡಸರ ಪ್ರಮಾಣ ಅದಕ್ಕಿಂತ ತುಸುವೇ ಹೆಚ್ಚು. ನಮ್ಮ ಊರಿನಲ್ಲಿ ನಮೂನೆ ತುಂಬಿದ್ದನ್ನು ನಾನು ಕಂಡಿದ್ದೇನೆ. ಬಾಯಿ ತೆರೆಸಿ ನೋಡಿದ್ದನ್ನು ಕಂಡಿಲ್ಲ. ಆ ಆಶಾ ಕಾರ್ಯಕರ್ತೆಯ ತಪ್ಪೂ ಅದಲ್ಲ, ಅವಳಿಗೆ ಟಾರ್ಚನ್ನೂ ಕೊಟ್ಟಿರಲಿಲ್ಲ, ಏನು ನೋಡಬೇಕೆಂದು ಕಲಿಸಿಯೂ ಇರಲಿಲ್ಲ.

ಕಲಿಸಿದರೆ ಆಗುತ್ತದೆ ಎಂಬುದಕ್ಕೆ ಪಕ್ಕದ ಕೇರಳದಲ್ಲೇ ಸಾಕ್ಷಿ ಇದೆ. ತಿರುವನಂತಪುರದಲ್ಲಿ 1996ರಲ್ಲಿ ಶುರುವಾದ ಅಧ್ಯಯನದಲ್ಲಿ ವೈದ್ಯರಲ್ಲದ ಪದವೀಧರರಿಗೆ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿದರು, ಅವರು ಜನರ ಬಾಯಿಯನ್ನು ಕಣ್ಣಾರೆ ನೋಡಿದರು. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಯಿತು ಎಂದು 2005ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಬೆಳಕು, ಕೈಗವಸು, ತರಬೇತಾದ ಕಣ್ಣು. ನಮ್ಮ ರಾಜ್ಯ "ಗೃಹ ಆರೋಗ್ಯ" ಎಂದು ಮನೆಬಾಗಿಲ ತಪಾಸಣೆ ಶುರುಮಾಡಿದೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಕಿಮೋಥೆರಪಿ ಕೇಂದ್ರಗಳನ್ನು ತೆರೆಯುತ್ತಿದೆ. ಎರಡನ್ನೂ ಮನಸಾರೆ ಸ್ವಾಗತಿಸುತ್ತೇನೆ. ಮನೆಬಾಗಿಲಲ್ಲಿ ಪತ್ತೆಯಾದವನು ಕಿಮೋ ಕೇಂದ್ರದವರೆಗೆ ಹೆದರಿ ಓಡಿಹೋಗದೆ ಬಂದು ತಲುಪುವ ದಾರಿಯೇ ಇನ್ನೂ ಆಗಿಲ್ಲ.

ಅಡಿಕೆ, ತಂಬಾಕಿನ ಬಗ್ಗೆಯೂ ಸರ್ಕಾರ ಬಾಯಿ ಬಿಟ್ಟು ಮಾತಾಡಬೇಕು. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಅಂದಿನಿಂದ ಪಾನ್ ಮಸಾಲೆಯ ಪಾಕೀಟು ಒಂದು, ತಂಬಾಕಿನ ಪಾಕೀಟು ಇನ್ನೊಂದು, ಎರಡನ್ನೂ ಒಟ್ಟಿಗೇ ಹರಿದು ಬಾಯಿಗೆ ಹಾಕುವುದನ್ನು ನನ್ನ ಶಾಲೆಯ ಎದುರಿನ ಅಂಗಡಿಯಲ್ಲೇ ನೋಡಿದ್ದೇನೆ. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯ್ದೆಯಲ್ಲೇ ಇದೆ. ಇನ್ನು ಅಡಿಕೆ. ನಮ್ಮದು ದೇಶದಲ್ಲೇ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ, ನನ್ನ ಬಂಧುಗಳಲ್ಲೇ ತೋಟ ಇದ್ದವರಿದ್ದಾರೆ, ಬೆಳೆಗಾರರ ಹೊಟ್ಟೆಯ ಮೇಲೆ ಹೊಡೆಯಿರಿ ಎಂದು ನಾನು ಹೇಳಲಾರೆ. ಆದರೆ ತಂಬಾಕು ಸೇರದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಬೆಳೆಗಾರರ ಹಿತಕ್ಕೆ ಬೇರೆ ದಾರಿಗಳನ್ನು ಹುಡುಕೋಣ. ಜಗಿಯುವವನಿಂದ ಸತ್ಯವನ್ನು ಮುಚ್ಚಿಡುವುದು ಆ ದಾರಿಗಳಲ್ಲಿ ಒಂದಾಗಬಾರದು. "ತಂಬಾಕು ಬಿಟ್ಟೀನಿ ಅಕ್ಕಾ, ಬರೇ ಅಡಿಕಿ" ಎಂದು ತಮ್ಮ ವರ್ಷಗಟ್ಟಲೆ ನೆಮ್ಮದಿಯಿಂದಿದ್ದ.

ಈಗ ನನ್ನ ಬೇಡಿಕೆಗಳು.

ಎಚ್‌ಐವಿ ಪರೀಕ್ಷೆಗೆ ಹೋದವರನ್ನು ಕೇಳಿ ನೋಡಿ. ಪರೀಕ್ಷೆಗೆ ಮೊದಲು ಒಬ್ಬ ಆಪ್ತ ಸಮಾಲೋಚಕರು ಕೂರಿಸಿಕೊಂಡು ಮಾತಾಡುತ್ತಾರೆ, ಫಲಿತಾಂಶ ಬಂದ ಮೇಲೆ ಇನ್ನೊಮ್ಮೆ. 2017ರ ಎಚ್‌ಐವಿ ಕಾಯ್ದೆ ಇದನ್ನು ರೋಗಿಯ ಹಕ್ಕಾಗಿಸಿದೆ. ಇದಕ್ಕಾಗಿಯೇ ನೇಮಕವಾದ ಸಿಬ್ಬಂದಿ ತಾಲೂಕು ಆಸ್ಪತ್ರೆಗಳವರೆಗೂ ಇದ್ದಾರೆ. ಒಂದು ಕಾಲಕ್ಕೆ ಕ್ಯಾನ್ಸರಿಗಿಂತ ಹೆಚ್ಚು ಭಯ, ಹೆಚ್ಚು ಸುಳ್ಳು ಸುತ್ತಿಕೊಂಡಿದ್ದ ರೋಗಕ್ಕೆ ಈ ನಾಡು ಇದನ್ನು ಮಾಡಿ ತೋರಿಸಿದೆ. ಕ್ಯಾನ್ಸರಿಗೂ ಮಾಡಿ. ಕ್ಯಾನ್ಸರ್ ಚಿಕಿತ್ಸೆ ಕೊಡುವ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲಿ, ಜಿಲ್ಲಾ ಕಿಮೋ ಕೇಂದ್ರಗಳಲ್ಲಿ ಕೂಡ, ತರಬೇತಾದ ಸಮಾಲೋಚಕರನ್ನು ನೇಮಿಸಿ. ಚೂರು ತೆಗೆಯುವ ಮೊದಲು ಒಮ್ಮೆ, ವರದಿ ಬಂದಾಗ ಒಮ್ಮೆ, ಚಿಕಿತ್ಸೆ ಶುರುವಾಗುವ ಮುನ್ನ ಒಮ್ಮೆ ರೋಗಿಯ ಜೊತೆ, ಮನೆಯವರ ಜೊತೆ ಅವರ ಭಾಷೆಯಲ್ಲಿ ಮಾತಾಡುವುದು ಕಡ್ಡಾಯವಾಗಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ಹಣ ಪಡೆಯುವ ಖಾಸಗಿ ಆಸ್ಪತ್ರೆಗಳಿಗೂ ಇದೇ ಷರತ್ತು ಹಾಕಿ. ರೇಡಿಯೇಷನ್‌ಗೆ, ಶಸ್ತ್ರಚಿಕಿತ್ಸೆಗೆ ದರಪಟ್ಟಿ ಇರುವಂತೆ ಈ ಮಾತುಕತೆಗೂ ಒಂದು ದರ ನಿಗದಿಯಾದರೆ ಅದು ನಡೆಯುತ್ತದೆ.

ಕಡತದ ಮೊದಲ ಪುಟ ಕನ್ನಡದಲ್ಲಿರಲಿ. ರೋಗ ಎಲ್ಲಿದೆ, ಎಷ್ಟಿದೆ, ಉದ್ದೇಶ ಗುಣಪಡಿಸುವುದೋ ನೋವು ಕಡಿಮೆ ಮಾಡುವುದೋ, ಮುಂದಿನ ಹೆಜ್ಜೆ ಯಾವುದು, ಏನಾದರೆ ಓಡಿ ಬರಬೇಕು, ಯಾರಿಗೆ ಕರೆ ಮಾಡಬೇಕು. ಒಪ್ಪಿಗೆ ಪತ್ರವೂ ಕನ್ನಡದಲ್ಲಿರಲಿ, ಓದಲು ಬಾರದವರಿಗೆ ಓದಿ ಹೇಳಿದವರ ಹೆಸರು ಅದರ ಮೇಲಿರಲಿ.

ಪ್ರಾಥಮಿಕ ಆರೋಗ್ಯ ಕೇಂದ್ರಗಳ, ದಂತ ವೈದ್ಯರ ಮಟ್ಟದಲ್ಲಿ ಮೂರು ವಾರದ ನಿಯಮವನ್ನು ಆದೇಶವಾಗಿ ಹೊರಡಿಸಿ: ಅಷ್ಟರಲ್ಲಿ ಮಾಯದ ಬಾಯಿ ಹುಣ್ಣಿಗೆ ಇನ್ನೊಂದು ಮುಲಾಮು ಬರೆಯುವಂತಿಲ್ಲ, ದಿನಾಂಕ ಹಾಕಿದ ಚೀಟಿಯೊಂದಿಗೆ ಮುಂದಕ್ಕೆ ಕಳಿಸಲೇಬೇಕು. ಕಳಿಸಿದವನು ತಲುಪಿದನೇ ಎಂದು ಎರಡೂ ಇಲಾಖೆಗಳು ಒಂದೇ ಪುಸ್ತಕದಲ್ಲಿ ನೋಡುವಂತಾಗಲಿ. ಆಶಾ ಕಾರ್ಯಕರ್ತೆಯರಿಗೆ ಟಾರ್ಚ್, ತರಬೇತಿ, ಅದಕ್ಕೆ ಹಿಡಿಯುವ ಸಮಯಕ್ಕೆ ತಕ್ಕ ಗೌರವಧನ ಕೊಡಿ. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಮಾರ್ಫಿನ್ ಇರಲಿ, ಕೊಡಲು ತರಬೇತಾದವರಿರಲಿ.

ಶಿಕ್ಷಕಿಯಾಗಿ ಇನ್ನೊಂದನ್ನು ಸೇರಿಸುತ್ತೇನೆ. ಒಂಬತ್ತನೇ ತರಗತಿಯ ಜೀವಕೋಶದ ಪಾಠದಲ್ಲಿ ಕೋಶ ಹೇಗೆ ಒಡೆದು ಎರಡಾಗುತ್ತದೆ ಎಂದು ಕಲಿಸುತ್ತೇವೆ. ಆ ಒಡೆಯುವಿಕೆ ನಿಲ್ಲದಿದ್ದರೆ ಏನಾಗುತ್ತದೆ, ಬಾಯಿಯನ್ನು ಕನ್ನಡಿಯಲ್ಲಿ ನೋಡಿಕೊಳ್ಳುವುದು ಹೇಗೆ ಎಂಬ ಎರಡು ಪುಟಗಳನ್ನು ಅದಕ್ಕೆ ಸೇರಿಸಲು ಶಿಕ್ಷಣ ಇಲಾಖೆಗೆ ತಾವಿಬ್ಬರೂ ಶಿಫಾರಸು ಮಾಡಿ. ಆ ಮಕ್ಕಳು ಮನೆಗೆ ಹೋಗಿ ಅಪ್ಪನ ಬಾಯಿ ತೆರೆಸಿ ನೋಡುತ್ತಾರೆ. ಮಕ್ಕಳು ಹೇಳಿದರೆ ಅಪ್ಪಂದಿರು ಬಾಯಿ ತೆರೆಯುತ್ತಾರೆ, ಇದು ನಾನು ಕಂಡು ಅರಿತದ್ದು.

ಈ ಕೆಲಸಗಳಲ್ಲಿ ಸಮಾಲೋಚಕರ ನೇಮಕಕ್ಕೆ ಬಜೆಟ್ ಬೇಕು, ಸಮಯ ಹಿಡಿಯುತ್ತದೆ, ಅದು ನನಗೆ ಅರ್ಥವಾಗುತ್ತದೆ. ಕನ್ನಡದ ಒಂದು ಪುಟಕ್ಕೆ, ಜ್ವರದ ಆ ಒಂದು ಸಾಲಿಗೆ ಬಜೆಟ್ ಬೇಕಾಗಿಲ್ಲ. ಅವನ್ನು ಬರುವ ತಿಂಗಳೇ ಶುರುಮಾಡಬಹುದು. ಕರಡು ಬರೆಯಲು, ಅದನ್ನು ಹಳ್ಳಿಯ ಜನರಿಗೆ ಓದಿ ಹೇಳಿ ಎಲ್ಲಿ ಅರ್ಥವಾಗಲಿಲ್ಲ ಎಂದು ಗುರುತುಮಾಡಿ ತಿದ್ದಲು ಜನ ಬೇಕಾದರೆ ನಮ್ಮ ಜಿಲ್ಲೆಯ ನಿವೃತ್ತ ವಿಜ್ಞಾನ ಶಿಕ್ಷಕರು ಸಂಬಳವಿಲ್ಲದೆ ಬಂದು ಕೂರಲು ಸಿದ್ಧರಿದ್ದೇವೆ. ತಮ್ಮ ವೈದ್ಯರು ವಿಷಯ ಸರಿಯಿದೆಯೇ ಎಂದು ನೋಡಲಿ, ಮಾತು ತಲುಪುತ್ತದೆಯೇ ಎಂದು ನಾವು ನೋಡುತ್ತೇವೆ. ಯಾವ ದಿನ, ಯಾವ ಊರಿಗೆ ಬರಬೇಕೆಂದು ತಿಳಿಸಿ.

ತಮ್ಮಿಬ್ಬರ ಉತ್ತರದ ನಿರೀಕ್ಷೆಯಲ್ಲಿ,

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ
ಹಾವೇರಿ ಜಿಲ್ಲೆ